ಬೇಟೆಗಾರನ ಕೊನೆಯುಸಿರು

ನಮ್ಮ ಡ್ಯೂಕರ ವಾದ್ಯವೃಂದದಲ್ಲಿ ಕ್ಲಾರಿನೆಟ್ ಊದುತ್ತಿದ್ದ ಲೊರೆಂಟ್ಸ್ ಮೊದಲು ಸೈನ್ಯದ ಬ್ಯಾಂಡಿನಲ್ಲಿದ್ದವನು. ಸದಾ ಗೊಣಗುವ ಮನುಷ್ಯ. ಆದರೆ ಅವನಷ್ಟು ಉದ್ದನೆಯ ಉಸಿರು ನಮ್ಮ ಥುರಿಂಗಿಯಾ ಸೀಮೆಯಲ್ಲೇ ಇನ್ನೊಬ್ಬರಿಗಿರಲಿಲ್ಲ. ಅದಕ್ಕೇ ಕೋಲಾಡಿಸಿ ವೃಂದವನ್ನು ನಡೆಸುವ ನಿರ್ದೇಶಕ ವೆಂಡೆಲಿನ್ ಸಾಹೇಬರು ತಮ್ಮ ಹೊಸ ರಚನೆಯಲ್ಲಿ ಬರುವ ಸಾವನ್ನು ಅವನ ತಲೆಗೆ ಕಟ್ಟಿದ್ದರು. ಕಾಡಿನಲ್ಲಿ ಗುಂಡೇಟು ತಿಂದ ಬೇಟೆಗಾರನ ಕಥೆ ಅದು. ಆ ಕಥೆಯನ್ನು ಅಚ್ಚು ಹಾಕಿಸಿ ಸಭಿಕರಿಗೆಲ್ಲ ಹಂಚಿದ್ದರು. ಕೊನೆಗೆ ಎಲ್ಲ ವಾದ್ಯಗಳೂ ನಿಂತು ಬೇಟೆಗಾರನ ಕೊನೆಯುಸಿರಾಗಿ ಕ್ಲಾರಿನೆಟ್ಟಿನ ಒಂದೇ ಸ್ವರ ಉಳಿಯಬೇಕು. "ನಾನು ಕೋಲು ಇಳಿಸೋವರೆಗೂ ಬಿಡಬೇಡ" ಎಂದು ಆಜ್ಞೆಯಾಗಿತ್ತು.

ಆ ಸಂಜೆ ಸ್ವರ ಶುರುವಾಯಿತು. ಕೋಲು ಇಳಿಯಲೇ ಇಲ್ಲ. ಪಕ್ಕದಲ್ಲಿ ಎರಡನೇ ಕ್ಲಾರಿನೆಟ್ ಹಿಡಿದು ಕೂತಿದ್ದ ನಾನು ತಲೆಯೆತ್ತಿ ನೋಡಿದರೆ, ಸಾಹೇಬರು ಕಣ್ಣು ಮುಚ್ಚಿಕೊಂಡು ಅಳುತ್ತಿದ್ದಾರೆ. ತಮ್ಮದೇ ಕಥೆಯಲ್ಲಿ ಮುಳುಗಿ ಕೈಯನ್ನೇ ಮರೆತಿದ್ದಾರೆ. ಲೊರೆಂಟ್ಸನ ಕಿವಿ ಕೆಂಪಾಯಿತು, ಕತ್ತಿನ ನರ ಉಬ್ಬಿತು. ನಿಲ್ಲಿಸು ಎಂದು ಮೊಣಕಾಲಿನಿಂದ ತಿವಿದೆ. ನಿಲ್ಲಿಸಲಿಲ್ಲ, ಸೈನ್ಯದವನು. ಸ್ವರ ನಡುಗಿತು, ಒಡೆಯಿತು, ಬರೀ ಗಾಳಿಯಾಗಿ ಆರಿಹೋಯಿತು. ಅವನು ನನ್ನ ಹೆಗಲ ಮೇಲೆ ಕುಸಿದ. ಮೇಲಿನ ಸಾಲಿನಲ್ಲಿ ಅವನ ಹೆಂಡತಿ ದಡಕ್ಕನೆ ಎದ್ದು ನಿಂತಳು. ಉಳಿದವರೆಲ್ಲ ಬೇಟೆಗಾರನಿಗಾಗಿ ಬಿಕ್ಕುತ್ತಿದ್ದರು.

ಒಳಕೋಣೆಗೆ ಬಂದಮೇಲೆ ಸಾಹೇಬರು ಅವನನ್ನು ತಬ್ಬಿಕೊಂಡರು. "ಎಷ್ಟು ಚೆನ್ನಾಗಿ ಸತ್ತೆಯಯ್ಯಾ. ನಾಳೆನೂ ಹಿಂಗೇ ಸಾಯಬೇಕು."

ಲೊರೆಂಟ್ಸ್ ಇನ್ನೂ ಏದುಸಿರು ಬಿಡುತ್ತಿದ್ದ. "ಸಾಯ್ತೀನಿ ಸ್ವಾಮಿ. ನೀವು ಮೊದಲು ಕೋಲು ಇಳಿಸಿ, ಆಮೇಲೆ ಅಳಿ."