ತಪ್ಪು ಮಾಡಿದವನನ್ನು ಆಚೆ ಕರೆಯದ ಕೋಚ್

ನನ್ನ ಅಕ್ಷರ ಚೆನ್ನಾಗಿಲ್ಲ, ಕ್ಷಮಿಸಬೇಕು. ಒತ್ತಕ್ಷರಗಳು ಕೆಳಗಿನ ಗೆರೆಯನ್ನು ದಾಟಿ ಹೋಗುತ್ತವೆ. ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು, ಮಾತುಗಳೂ ಅಲ್ಲಲ್ಲಿ ತಪ್ಪಿರಬಹುದು. ತುಮಕೂರಿನ ನಮ್ಮ ಮರಳೂರು ಫುಟ್‌ಬಾಲ್ ಸಂಘದ ಇಪ್ಪತ್ತೈದನೇ ವರ್ಷದ ಪುಸ್ತಕಕ್ಕೆ ಕೋಚ್ ಸರ್ದಾರ್ ಪಾಷಾ ಅವರ ಬಗ್ಗೆ ಯಾರಾದರೂ ಬರೆಯಬೇಕಿತ್ತು. ಸಂಘದ ಕಾರ್ಯದರ್ಶಿ ಪ್ರಭುದೇವ ಸರ್, "ದಿನಾ ಅವ್ರ ಎದುರ್ಗೇ ಕೂತಿರ್ತೀಯಲ್ಲಮ್ಮ, ನೀನೇ ಬರಿ" ಎಂದರು. ಮೂರು ಸಲ ಬರೆದು ಹರಿದು ಹಾಕಿದ್ದೇನೆ. ಇದು ನಾಲ್ಕನೆಯದು.

ನಾನು ಮಾಲಿನಿ, ತಂಡವನ್ನು ಮ್ಯಾಚುಗಳಿಗೆ ಕರೆದೊಯ್ಯುವ ಟೆಂಪೋ ಟ್ರಾವೆಲರ್ ಓಡಿಸುವ ಚನ್ನವೀರಯ್ಯನವರ ಮಗಳು. ಎರಡು ವರ್ಷದಿಂದ ಪಾಷಾ ಮಾಮನ ಸೀಟ್ ಕವರ್ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದೇನೆ. ಆಟೋ, ಬೈಕುಗಳ ಸೀಟಿಗೆ ರೆಕ್ಸಿನ್ ಹೊಲಿಯುವುದು ಅವರ ಕಸುಬು. ಸಂಘದ ಹರಿದ ಚೆಂಡುಗಳಿಗೂ ಅದೇ ಸೂಜಿ, ಅದೇ ದಾರ. ಅವರಿಗೆ ಈಗ ಅರವತ್ತೆರಡು. ಎಡಮೊಣಕಾಲು ಪೂರ್ತಿ ಮಡಚುವುದಿಲ್ಲ, ಆದ್ದರಿಂದ ಸ್ಟೂಲಿನ ಮೇಲೆ ಕಾಲು ಚಾಚಿಯೇ ಹೊಲಿಯುತ್ತಾರೆ. ಸಂಜೆ ಐದಾದರೆ ವಿಷಲ್ ಕೊರಳಿಗೆ ಹಾಕಿಕೊಂಡು ಮೈದಾನಕ್ಕೆ ಹೊರಡುತ್ತಿದ್ದರು.

ನಾನು ಕೆಲಸಕ್ಕೆ ಸೇರಿದ ಮೂರನೇ ವಾರ ಎರಡು ಆಟೋ ಸೀಟುಗಳ ಪಕ್ಕಗಳಿಗೆ ಕೆಂಪು ರೆಕ್ಸಿನ್ ಕತ್ತರಿಸಲು ಕೊಟ್ಟರು. ಪ್ರತಿ ಸೀಟಿಗೂ ಎಡಕ್ಕೊಂದು, ಬಲಕ್ಕೊಂದು ತುಂಡು ಬೇಕು. ರಟ್ಟಿನ ಅಚ್ಚನ್ನು ಒಂದು ಸಲ ಹಾಗೇ ಇಟ್ಟು, ಇನ್ನೊಂದು ಸಲ ಮಗುಚಿ ಇಟ್ಟು ಕತ್ತರಿಸಬೇಕು. ನಾನು ಮಗುಚುವುದನ್ನು ಮರೆತೆ. ನಾಲ್ಕೂ ಬಲಗಡೆಯವೇ ಆದವು, ಎರಡು ತುಂಡು ಕೆಟ್ಟವು. ನೋಡಿದ ಕೂಡಲೇ ಕತ್ತರಿ ಕೆಳಗಿಟ್ಟು ಚಪ್ಪಲಿ ಹಾಕಿಕೊಂಡೆ. ಶಾಲೆಯನ್ನೂ ನಾನು ಹೀಗೆಯೇ ಬಿಟ್ಟಿದ್ದೆ. ಪಾಠ ಓದುವಾಗ ತಡವರಿಸಿದೆ, ಎಲ್ಲರೂ ನಕ್ಕರು, ಮೇಷ್ಟ್ರು "ಸಾಕು ಕೂತ್ಕೋ" ಎಂದರು. ಮರುದಿನದಿಂದ ಹೋಗಲಿಲ್ಲ.

"ಎಲ್ಲಿಗಮ್ಮ?" ಎಂದರು ಪಾಷಾ ಮಾಮ. "ಸರಿಯಾದ್ದು ಒಂದ್ ತುಂಡು ಕತ್ತರ್ಸು. ಆಮೇಲ್ ಬೇಕಾರೆ ಹೋಗು."

ಕತ್ತರಿಸಿದೆ. ಆಮೇಲೆ ಹೋಗಬೇಕು ಎನ್ನಿಸಲಿಲ್ಲ. ಕೆಟ್ಟ ತುಂಡುಗಳನ್ನು ಅವರು ಮಡಚಿ ಅಟ್ಟದ ಮೇಲಿಟ್ಟರು. "ಇದ್ಕೂ ಒಂದ್ ಕೆಲ್ಸ ಬತ್ತದೆ ಬುಡು" ಎಂದರು.

ಮೈದಾನದಲ್ಲೂ ಅವರ ಪದ್ಧತಿ ಇದೇ ಎಂದು ಆಮೇಲೆ ತಿಳಿಯಿತು. ತಪ್ಪು ಮಾಡಿದ ಆಟಗಾರನನ್ನು ಅವರು ಆಗಲೇ ಆಚೆ ಕರೆಯುವುದಿಲ್ಲ. ಅವನು ಒಂದಾದರೂ ಒಳ್ಳೆಯ ಆಟ ಆಡಬೇಕು, ಆಮೇಲಷ್ಟೇ ಕರೆಯುವುದು. ಕಾರಣ ಕೇಳಿದಾಗ ಸೂಜಿಯಿಂದ ಕಣ್ಣೆತ್ತದೆ ಹೇಳಿದರು. ಹತ್ತೊಂಬತ್ತು ವರ್ಷದವರಿದ್ದಾಗ ಕುಣಿಗಲ್ಲಿನ ಮೈದಾನದಲ್ಲಿ ಅವರು ತಮ್ಮದೇ ಗೋಲಿಗೆ ಚೆಂಡು ಹೊಡೆದುಬಿಟ್ಟರಂತೆ. ಆಗಿನ ಕೋಚ್ ಆ ಕ್ಷಣವೇ ಅವರನ್ನು ಆಚೆ ಕರೆದರು. "ಅದಾದ್ಮೇಲೆ ಎಷ್ಟೋ ಗೋಲ್ ಹೊಡ್ದೆ ಕಣಮ್ಮ. ಕಣ್ ಮುಚ್ಚಿದ್ರೆ ಅದೊಂದೇ ಕಾಣ್ತದೆ" ಎಂದರು.

ಈ ವರ್ಷ ನಮ್ಮ ತಂಡಕ್ಕೆ ಆರು ಮ್ಯಾಚಿನಲ್ಲೂ ಗೆಲುವು ಸಿಗಲಿಲ್ಲ. ಸರಿಯಾಗಿ ಹೇಳಬೇಕೆಂದರೆ ಐದು ಸೋಲು, ಒಂದು ಸಮ. ಆರನೆಯದು ಗುಬ್ಬಿಯಲ್ಲಿ. ಎದುರಾಳಿಗಳಲ್ಲಿ ಅರ್ಧ ಜನ ಬಿದರೆಹಳ್ಳಿ ಕಾವಲ್‌ನ ಹೆಲಿಕಾಪ್ಟರ್ ಕಾರ್ಖಾನೆಯಲ್ಲಿ ಶಿಫ್ಟ್ ಮುಗಿಸಿ ನೇರ ಬಂದವರು. ಆದರೂ ಮೂರು ಗೋಲು ಹೊಡೆದರು. ಅದರಲ್ಲಿ ಎರಡು ನಮ್ಮ ಗೋಲ್‌ಕೀಪರ್ ಇಮ್ರಾನನ ಕಾಲುಗಳ ನಡುವೆಯೇ ಹೋದವು. ಅವನನ್ನು ಬದಲಾಯಿಸಿ ಎಂದು ಅಪ್ಪ ಗಂಟಲು ಹರಿಯುವಂತೆ ಕೂಗಿದರು. ಪಾಷಾ ಮಾಮ ತಿರುಗಿಯೂ ನೋಡಲಿಲ್ಲ.

ಮುಂದಿನ ಭಾನುವಾರ ಅಂಗಡಿಯ ಮುಂದೆ ಸಭೆ ಸೇರಿತು. ಪಕ್ಕದ ಟೀ ಅಂಗಡಿಯ ಓಬಳಯ್ಯ ಬೆಂಚು ಹಾಕಿಕೊಟ್ಟರು. ಕೋಚ್ ಬದಲಾಗಬೇಕೋ ಬೇಡವೋ ಎನ್ನುವುದೇ ಮಾತು. ಪಾಷಾ ಮಾಮ ಒಳಗೆ ಚೆಂಡು ಹೊಲಿಯುತ್ತಾ, "ನನ್ ಮುಖ ನೋಡ್ಬೇಡಿ, ಮಾತಾಡ್ರಪ್ಪ" ಎಂದರು.

"ಪಾಷಣ್ಣ ದೊಡ್ಡೋರು, ಅದ್ರಲ್ಲಿ ಎರಡು ಮಾತಿಲ್ಲ" ಎಂದು ಅಪ್ಪ ಶುರು ಮಾಡಿದರು. "ಆದ್ರೆ ವಾಪಸ್ ಬರೋವಾಗ ನನ್ ಗಾಡಿ ಒಳಗೆ ಹೆಣ ತಗೊಂಡ್ ಬಂದಂಗಿರ್ತದೆ. ಒಬ್ರೂ ಉಸಿರು ಬಿಡಲ್ಲ."

"ಇಮ್ರಾನ್ ಕಾಲ್ ಮಧ್ಯ ಎಮ್ಮೆ ಹೋಗೋಷ್ಟು ಜಾಗ ಬುಟ್ರೆ ಕೋಚ್ ಏನ್ ಮಾಡ್ತಾರ್ಲಾ?" ಎಂದರು ಓಬಳಯ್ಯ.

"ಆಚೆ ಕರೀಬೇಕು! ಮೊದ್ಲ ಎಮ್ಮೆ ಹೋದಾಗ್ಲೇ ಕರೀಬೇಕು!" ಎಂದರು ಅಪ್ಪ.

ಎಲ್ಲರೂ ನಕ್ಕರು. ಪ್ರಭುದೇವ ಸರ್ ನಗಲಿಲ್ಲ. "ಸಿದ್ದಾರ್ಥ ಶೆಟ್ಟಿಹಳ್ಳಿ ಸ್ಕೂಲಲ್ಲಿ ಕೋಚ್ ಆಗಿದಾನೆ. ಪಾಷಣ್ಣನ ಶಿಷ್ಯನೇ. ಕೋಚಿಂಗ್ ಲೈಸೆನ್ಸ್ ಬೇರೆ ಮಾಡ್ಕೊಂಡಿದಾನೆ" ಎಂದರು.

"ಲೈಸೆನ್ಸು ಚನ್ನವೀರಯ್ಯಂಗೂ ಐತೆ" ಎಂದರು ಓಬಳಯ್ಯ. "ಗುಬ್ಬಿ ಗೇಟಲ್ಲಿ ಕಂಬಕ್ಕೆ ಗುದ್ಲಿಲ್ವಾ?"

"ಲೇ ಓಬಳಯ್ಯ, ಟೀ ಕಾಸು, ಸಾಕು."

ಆದರೂ ಮಾತು ಬದಲಾಯಿಸುವ ಕಡೆಗೇ ವಾಲಿತು. ಕೈ ಎತ್ತಿ ಎಂದು ಪ್ರಭುದೇವ ಸರ್ ಹೇಳುವುದರಲ್ಲಿದ್ದರು. ಪಾಷಾ ಮಾಮನ ಸೂಜಿ ನಿಂತಿದ್ದನ್ನು ನಾನೊಬ್ಬಳೇ ನೋಡಿದೆ. ಹತ್ತು ಜನರ ಮುಂದೆ ನಾನು ಯಾವತ್ತೂ ಮಾತಾಡಿದವಳಲ್ಲ. ಮಿಷನ್ ಮೇಲಿನ ದಾರವನ್ನೇ ನೋಡುತ್ತಾ ಹೇಳಿದೆ.

"ಅಪ್ಪ, ತಪ್ ಮಾಡ್ದಾಗ್ಲೇ ಆಚೆ ಕರ್ಯೋದು ನಮ್ ಟೀಮಲ್ಲಿ ಇಲ್ವಲ್ಲ."

ಓಬಳಯ್ಯನವರೇ ಮೊದಲು ಬಾಯಿ ಬಿಟ್ಟರು. "ನಿನ್ ಮಗ್ಳು ಬಾಯ್ ಬುಟ್ಟವ್ಳೆ ಕಣೋ ಚನ್ನವೀರಯ್ಯ! ನ್ಯಾಯವಾಗೇ ಹೇಳವ್ಳೆ. ಒಂದ್ ಒಳ್ಳೇ ಆಟ ಆಗೋವರ್ಗೂ ಕೋಚೂ ಒಳಗಿರ್ಲಿ."

ಅಪ್ಪ ನನ್ನ ಕಡೆ ತಿರುಗಿದರು. ಆಮೇಲೆ, "ಕುಣಿಗಲ್ ಮ್ಯಾಚ್ ಆಗ್ಲಿ" ಎಂದರು. ಯಾರೂ ಕೈ ಎತ್ತಲಿಲ್ಲ.

ಕುಣಿಗಲ್ಲಿಗೆ ನಾನೂ ಹೋದೆ. ಪಾಷಾ ಮಾಮ ತಮ್ಮದೇ ಗೋಲಿಗೆ ಹೊಡೆದಿದ್ದ ಅದೇ ಮೈದಾನ. ಹತ್ತನೇ ನಿಮಿಷಕ್ಕೇ ಇಮ್ರಾನನ ಕೈಯಿಂದ ಜಾರಿ ಚೆಂಡು ಗೋಲಿನೊಳಗೆ ಹೋಯಿತು. ಅಪ್ಪ ಎದ್ದು ನಿಂತರು. ಬಾಯಿ ತೆರೆದರು. ನನ್ನ ಕಡೆ ನೋಡಿ ಸುಮ್ಮನೆ ಕೂತರು. ಪಾಷಾ ಮಾಮ ಇಮ್ರಾನನ ಕಡೆ ಅಂಗೈ ತೋರಿಸಿದರು, ಇರು ಎನ್ನುವ ಹಾಗೆ.

ಅರ್ಧ ಆಟದ ನಂತರ ನಮ್ಮ ತಂಡದ ತಾರಿಖ್ ಒಂದು ಗೋಲು ಹೊಡೆದು ಸಮ ಮಾಡಿದ. ಮುಗಿಯಲು ಸ್ವಲ್ಪ ಹೊತ್ತಿದ್ದಾಗ ಕುಣಿಗಲ್ಲಿನವರು ದೂರದಿಂದ ಬಲವಾಗಿ ಒದ್ದರು. ಇಮ್ರಾನ್ ಪಕ್ಕಕ್ಕೆ ಹಾರಿ ಬೆರಳ ತುದಿಯಿಂದ ಚೆಂಡನ್ನು ಕಂಬದಾಚೆ ತಳ್ಳಿದ. ಚೆಂಡು ಹೊರಗೆ ಹೋಗಿ ಆಟ ನಿಂತ ಕೂಡಲೇ ಪಾಷಾ ಮಾಮ ಅವನನ್ನು ಆಚೆ ಕರೆದು ಇನ್ನೊಬ್ಬ ಕೀಪರನನ್ನು ಕಳುಹಿಸಿದರು. ಇಮ್ರಾನ್ ಬರುವಾಗ ನಮ್ಮವರೆಲ್ಲ ಎದ್ದು ಚಪ್ಪಾಳೆ ಹೊಡೆದರು. ಎಲ್ಲರಿಗಿಂತ ಜೋರಾಗಿ ಹೊಡೆದದ್ದು ಅಪ್ಪ.

ಒಂದಕ್ಕೊಂದು ಸಮವಾಗಿ ಮುಗಿಯಿತು. ಗೆಲುವಲ್ಲ, ನಿಜ. ಸಿದ್ದಾರ್ಥ ಸರ್ ಕೂಡ ನೋಡಲು ಬಂದಿದ್ದರು. ಪಾಷಾ ಮಾಮ ಕುಂಟುತ್ತಾ ನೇರ ಅವರ ಹತ್ತಿರ ಹೋಗಿ, ಕೊರಳಿನ ವಿಷಲ್ ತೆಗೆದು ಅವರ ಕೈಯಲ್ಲಿಟ್ಟರು.

"ಏನ್ ಪಾಷಣ್ಣ ಇದು?" ಅಪ್ಪ ಓಡಿ ಬಂದರು. "ಇವತ್ತು ಯಾರೂ ಹೋಗು ಅನ್ನಲಿಲ್ವಲ್ಲ!"

"ಅದ್ಕೇ ಕಣಪ್ಪ ಹೋಗ್ತಿರೋದು. ನಂದೂ ಒಂದು ಸರಿಯಾಯ್ತು, ಈಗ ಆಚೆ ಬರ್ಬೋದು. ಇನ್ಮೇಲೆ ನಿಂಜೊತೆ ಬೆಂಚಲ್ಲಿ ಕೂತು ನಾನೂ ಬಯ್ತೀನಿ."

ಸಿದ್ದಾರ್ಥ ಸರ್ ಬಗ್ಗಿ ಅವರ ಕಾಲು ಮುಟ್ಟಲು ಹೋದರು. ಪಾಷಾ ಮಾಮ ಬಿಡಲಿಲ್ಲ. "ಮೊಣಕಾಲು ನೋಯ್ತದೆ, ಮುಟ್ಬೇಡ" ಎಂದು ಅವರನ್ನು ತಬ್ಬಿಕೊಂಡರು.

ಇಷ್ಟು ವರ್ಷ ಪಾಷಾ ಮಾಮ ಗಾಡಿಯಲ್ಲಿ ಕೊನೆಯ ಸೀಟಿನಲ್ಲಿ, ಆಟಗಾರರ ನಡುವೆ ಕೂರುತ್ತಿದ್ದರು. ಅವತ್ತು ಅಪ್ಪ ಮುಂದಿನ ಸೀಟನ್ನು ಟವೆಲಿನಿಂದ ಒರೆಸಿ, ಅವರನ್ನು ತಮ್ಮ ಪಕ್ಕ ಕೂರಿಸಿಕೊಂಡರು. ಆ ಸೀಟಿನ ಕವರ್ ನಾನು ಹೊಲಿದದ್ದು. ಅವರು ಅಂಚಿನ ಹೊಲಿಗೆಯ ಮೇಲೆ ಹೆಬ್ಬೆರಳು ಓಡಿಸಿ, ಹಿಂದೆ ತಿರುಗಿ ನನಗೆ ತಲೆಯಾಡಿಸಿದರು. ಗಾಡಿಯಲ್ಲಿ ತುಮಕೂರು ಮುಟ್ಟುವವರೆಗೂ ಗಲಾಟೆಯೋ ಗಲಾಟೆ.

ನಾನು ಕಂಡ ಸರ್ದಾರ್ ಪಾಷಾ ಇವರು. ಅವರ ಕೈಕೆಳಗೆ ಕೆಲಸ ಕಲಿತವಳು ಎಂದು ಹೇಳಿಕೊಳ್ಳಲು ನನಗೆ ಹೆಮ್ಮೆ.

ನಾಳೆ ಬೆಳಿಗ್ಗೆ ಈ ಹಾಳೆಗಳನ್ನು ಪ್ರಭುದೇವ ಸರ್‌ಗೆ ಕೊಟ್ಟು ಅಂಗಡಿಗೆ ಹೋಗುತ್ತೇನೆ. ಅಟ್ಟದ ಮೇಲಿರುವ ಆ ಎರಡು ಕೆಂಪು ತುಂಡುಗಳನ್ನು ಇಳಿಸಿ, ಅಂಚು ಸಮ ಮಾಡಿ, ಸಿದ್ದಾರ್ಥ ಸರ್‌ಗೆ ಚೆಂಡಿನ ಚೀಲ ಹೊಲಿಯುತ್ತೇನೆ.