ಛತ್ರಿ ಪಿಕ್ಚರಿನ ಕಡೆಯ ಮಾತು

ಮೊನ್ನೆ ಮಧ್ಯಾಹ್ನ ಊಟ ಮುಗಿಸಿ ನಾನು ನಡುಮನೆಯಲ್ಲಿ ಅಡ್ಡಾಗಿದ್ದೆ. ಬಾಜೂ ಕೋಣೆಯಲ್ಲಿ ಮೊಮ್ಮಕ್ಕಳು ನೀವಿಬ್ಬರೂ ಬಾಗಿಲು ಮುಂದೆ ಮಾಡಿಕೊಂಡು ಮೊಬೈಲಿನಲ್ಲಿ ಏನೋ ನಗೆಯ ಚಿತ್ರ ಹಚ್ಚಿದ್ದಿರಿ. ಗೋಡೆಯ ಈಚೆಗೆ ಚಿತ್ರ ಕಾಣುವುದಿಲ್ಲ, ಸಪ್ಪಳ ಮಾತ್ರ ಬರುತ್ತದೆ. ಯಾರೋ ಬಿದ್ದ ಸಪ್ಪಳ, ಕೊಡ ಉರುಳಿದ ಸಪ್ಪಳ, ಒಂದು ಹೆಂಗಸು ಚೀರಿದ್ದು, ಆಮೇಲೆ ನಿಮ್ಮಿಬ್ಬರ ನಗು. ಬಿದ್ದವನು ಯಾರು, ಎಲ್ಲಿಂದ ಬಿದ್ದ ಎಂದು ಕಣ್ಣು ಮುಚ್ಚಿಕೊಂಡೇ ಊಹೆ ಮಾಡುತ್ತ ಮಲಗಿದ್ದಾಗ ನನ್ನ ಮೂಗಿಗೆ ಮಣ್ಣಿನ ಮಾಳಿಗೆಯ ವಾಸನೆ ಬಂತು. ಹಗಲೆಲ್ಲ ಬಿಸಿಲು ಕುಡಿದು ಸಂಜೆಗೆ ತಣ್ಣಗಾಗುವ ಮಣ್ಣಿನ ವಾಸನೆ. ಅದರ ಹಿಂದೆಯೇ ಕಿವಿಯ ಹತ್ತಿರ ಒಂದು ಮೆಲುದನಿ: "ಈಗ ಏನಾತಬೇ?"

ಅದು ನಮ್ಮ ನೀಲವ್ವತ್ತಿಯ ದನಿ. ಅಂದು ಸಂಜೆ ನೀವು ಕೇಳಿದಿರಿ, "ಅಜ್ಜಿ, ನಿನಗ ಭಾಳ ಸೇರಿದ ಕಾಮಿಡಿ ಪಿಕ್ಚರ್ ಯಾವ್ದು?" ನನಗೆ ಎದುರಿಗೆ ಕೂತು ಹೇಳಲು ಬರುವುದಿಲ್ಲ, ಸಣ್ಣವಳಿದ್ದಾಗಿನಿಂದ ನಾಲಿಗೆ ಹಾಗೆಯೇ. ಛತ್ರಿ ಪಿಕ್ಚರ್ ಅಂದೆ, ಬಾವಿ, ಬಸ್ಸು ಎಂದು ಇನ್ನೆರಡು ಮಾತು ಹೇಳಿದೆ, ಅಷ್ಟೇ. ಬರೆಯುವುದಾದರೆ ಹೇಗೋ ಬರೆದೇನು. ಅದಕ್ಕೇ ಇದು.

ನೀಲವ್ವತ್ತಿ ನನ್ನ ಅಪ್ಪನ ತಂಗಿ. ಮದುವೆಯಾಗಿ ಸ್ವಲ್ಪ ದಿನಕ್ಕೇ ಗಂಡ ತೀರಿಕೊಂಡು, ಅಣ್ಣಿಗೇರಿ ಹತ್ತಿರದ ನಮ್ಮ ಹಳ್ಳಿಗೆ, ನಮ್ಮ ಮನೆಗೇ ವಾಪಸು ಬಂದಿದ್ದಳು. ನಾನು ಕನ್ನಡ ಶಾಲೆಗೆ ಹೋಗುತ್ತಿದ್ದ ಆ ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ಅವಳಿಗೆ ಇನ್ನೂ ಪ್ರಾಯ. ಮೂಡಲದಲ್ಲಿ ಬೆಳಕಾಗುವ ಮೊದಲೇ ಎದ್ದು ದನದ ಮನೆ ಬಳಿಯುವಳು, ರೊಟ್ಟಿ ಬಡಿಯುವಳು, ಎಲ್ಲರಿಗೂ ಬಡಿಸುವಳು, ಬುತ್ತಿ ಕಟ್ಟಿ ಹೊಲಕ್ಕೆ ಕಳಿಸುವಳು. ಅವಳು ಉಣ್ಣುವುದನ್ನು ಮಾತ್ರ ನಾನು ಕಂಡ ನೆನಪಿಲ್ಲ. ಒಲೆಯ ಮುಂದೆ, ಬೆನ್ನು ನಮ್ಮ ಕಡೆ ಮಾಡಿಕೊಂಡು, ಎಲ್ಲರದೂ ಆದ ಮೇಲೆ ಯಾವಾಗಲೋ ಉಂಡು ಮುಗಿಸಿರುತ್ತಿದ್ದಳು. ನಮ್ಮ ಬಳಗದಲ್ಲಿ ಕೆಲವರು ಉಡಿಕಿ, ಅಂದರೆ ಗಂಡ ಸತ್ತ ಹೆಣ್ಣಿಗೆ ಮತ್ತೊಂದು ಗಂಡನ ಜೋಡಿ ಮಾಡುವ ಮಾತು, ತಂದಿದ್ದರಂತೆ. ನಮ್ಮ ಆಯಿ, ಅಂದರೆ ಅಪ್ಪನ ಅವ್ವ, ಅದು ನಮ್ಮಂಥ ಮನೆತನಕ್ಕೆ ಒಪ್ಪುವುದಲ್ಲ ಎಂದು ಆ ಮಾತನ್ನು ಹೊಸ್ತಿಲಿನಿಂದಲೇ ಕಳಿಸಿದ್ದಳಂತೆ. ಜೋಳ ಬಿತ್ತುವ ಎರೆಹೊಲ, ನೀರಿನ ಕೆರೆ, ಮಠ, ಇಷ್ಟು ಬಿಟ್ಟರೆ ಅತ್ತಿ ಹೋಗುವ ಜಾಗ ಬೇರೆ ಇರಲಿಲ್ಲ.

ಸುಗ್ಗಿ ಮುಗಿದ ಮೇಲೆ ಊರ ಹೊರಗಿನ ಖುಲ್ಲಾ ಕಣದಲ್ಲಿ ಟೂರಿಂಗ್ ಟಾಕೀಸಿನವರು ಡೇರೆ ಹೊಡೆಯುತ್ತಿದ್ದರು. ಹೊತ್ತು ಮುಳುಗುವಾಗ ಡೇರೆಯ ತುದಿಗೆ ಕಟ್ಟಿದ ಕರ್ಣೆಯಲ್ಲಿ, ಅಂದರೆ ಲೌಡ್‌ಸ್ಪೀಕರಿನಲ್ಲಿ, ಹಾಡು ಶುರುವಾದರೆ ದನ ಮೇಯಿಸಿಕೊಂಡು ಬರುವವರ ಹೆಜ್ಜೆ ಕೂಡ ಬಿರುಸಾಗುತ್ತಿತ್ತು. ಒಳಗೆ ನೆಲಕ್ಕೆ ಮರಳು ಹಾಸಿರುತ್ತಿದ್ದರು. ಹುರಿದ ಶೇಂಗಾದ ಸಿಪ್ಪೆ, ಬೀಡಿಯ ಹೊಗೆ, ಬಿಸಿಲಿಗೆ ಕಾದ ಡೇರೆಯ ತಾಡಪತ್ರಿ, ಇವೆಲ್ಲ ಸೇರಿದ ವಾಸನೆ. ಹೆಂಗಸರಿಗೆ ಒಂದು ಮಗ್ಗಲು, ಗಂಡಸರಿಗೆ ಒಂದು ಮಗ್ಗಲು, ನಡುವೆ ಗೇಣು ಎತ್ತರದ ಮರಳಿನ ಒಡ್ಡು. ಹೊಸ ಪಿಕ್ಚರ್ ಬಂದ ಮೊದಲ ದಿನ ನನ್ನನ್ನು ಬಸಣ್ಣ ಕಾಕಾ ಕರೆದುಕೊಂಡು ಹೋಗುತ್ತಿದ್ದ. ಅಪ್ಪನಿಗೂ ಅತ್ತಿಗೂ ತಮ್ಮನಾದ ಕಾಕಾನಿಗೆ ಇನ್ನೂ ಮದುವೆಯಾಗಿರಲಿಲ್ಲ, ನಗೆಯ ಪಿಕ್ಚರೆಂದರೆ ಹೊಲದ ಕೆಲಸ ಬಿಟ್ಟು ಓಡುವವನು. ನಮ್ಮೂರಲ್ಲಿ ಯಾರೂ ಪಿಕ್ಚರನ್ನು ಅದರ ಹೆಸರಿನಿಂದ ಕರೆಯುತ್ತಿರಲಿಲ್ಲ. ಸುಳ್ಳು ಗಂಡನ ಪಿಕ್ಚರ್, ಎರಡು ಜುಟ್ಟಿನ ಪಿಕ್ಚರ್, ಕತ್ತೆ ಕಳೆದ ಪಿಕ್ಚರ್, ಹೀಗೆ. ಆ ಸುಳ್ಳು ಗಂಡನ ಪಿಕ್ಚರಿಗೆ ಬಾಜೂ ಹಳ್ಳಿಗಳಿಂದ ಚಕ್ಕಡಿ ಕಟ್ಟಿಕೊಂಡು ಜನ ಬಂದಿದ್ದರು.

ಅತ್ತಿ ಡೇರೆಗೆ ಬರುವ ಹಾಗಿರಲಿಲ್ಲ. ಆದರೆ ಕರ್ಣೆಯ ಸಪ್ಪಳ ನಮ್ಮ ಮಾಳಿಗೆಯ ತನಕ ಬರುತ್ತಿತ್ತು. ದೀಪ ಹಚ್ಚಿ, ಸಂಜೆಯ ಅಡಿಗೆ ಮುಚ್ಚಿಟ್ಟು, ಒಣಗಿಸಿದ ಮೆಣಸಿನಕಾಯಿ ರಾಶಿ ಮಾಡುವ ನೆವದಿಂದ ಅವಳು ನಿಚ್ಚಣಿಕೆ ಹತ್ತುತ್ತಿದ್ದಳು. ಹಿಂದೆ ನಾನು. ಬೆಳಕಿಂಡಿಯ ಬಾಜೂ ಕೂತು ನಾವಿಬ್ಬರೂ ಪಿಕ್ಚರ್ ಕೇಳುತ್ತಿದ್ದೆವು. ಮೊದಲ ದಿನವೇ ನೋಡಿ ಬಂದಿರುತ್ತಿದ್ದ ನಾನು, ಸಪ್ಪಳ ಬಂದ ಹಾಗೆಲ್ಲ ಚಿತ್ರ ಹೇಳಬೇಕು. ಈಗ ಮಾವ ಬಂದ ಅತ್ತಿ, ಈಗ ಅಂವ ಸೀರಿ ಉಟ್ಕೊಂಡಾನ, ಈಗ ಮಂಚದ ಕೆಳಗ ಹೊಕ್ಕ. ಅತ್ತಿ ಸೆರಗಿನ ಚುಂಗನ್ನು ಬಾಯಲ್ಲಿ ಕಚ್ಚಿಕೊಂಡು ನಗುತ್ತಿದ್ದಳು. ಅವಳ ನಗುವಿಗೆ ಸಪ್ಪಳವಿಲ್ಲ, ಹೆಗಲು ಮಾತ್ರ ಅಲುಗುತ್ತಿದ್ದವು. ಕೆಳಗೆ ಆಯಿ ಕೆಮ್ಮಿದರೆ ಅದೂ ನಿಲ್ಲುತ್ತಿತ್ತು.

ಒಂದು ಸಲ ಛತ್ರಿ ಪಿಕ್ಚರ್ ಬಂತು. ಉದ್ದನ್ನ, ಬಡಕಲು ಕಾರಕೂನನೊಬ್ಬ ದೊಡ್ಡ ಊರಿನಲ್ಲಿ ಬಾಡಿಗೆ ಖೋಲಿಯಲ್ಲಿ ಒಬ್ಬನೇ ಇರುತ್ತಾನೆ. ಅವನ ಅಪ್ಪನ ಕಾಲದ ಛತ್ರಿ ಬೇಡದ ಜಾಗದಲ್ಲೆಲ್ಲ ತಾನೇ ಬಿಚ್ಚಿಕೊಳ್ಳುತ್ತದೆ. ಕಚೇರಿಯಲ್ಲಿ ಸಾಹೇಬರ ಮುಖದ ಮುಂದೆ ಬಿಚ್ಚಿಕೊಂಡಿತು, ಹೆಣದ ಮೆರವಣಿಗೆಯಲ್ಲಿ ಬಿಚ್ಚಿಕೊಂಡಿತು. ಇದನ್ನು ಕಳೆದುಕೊಳ್ಳಬೇಕೆಂದು ಬಸ್ಸಿನಲ್ಲಿ ಬಿಟ್ಟು ಇಳಿದರೆ ಕಂಡಕ್ಟರ್ ಓಡಿ ಬಂದು ಕೊಟ್ಟ. ಬಾವಿಗೆ ಒಗೆದರೆ ಯಾರೋ ಪುಣ್ಯಾತ್ಮರು ಮುಳುಗಿ ತಂದುಕೊಟ್ಟು ಬೆನ್ನು ತಟ್ಟಿಸಿಕೊಂಡು ಹೋದರು. ಗುಡಿಯ ಬಾಗಿಲಲ್ಲಿ ಬಿಟ್ಟು ಬಂದದ್ದಕ್ಕೆ ಪೂಜಾರಿ ಎರಡು ಛತ್ರಿ ಹಿಡಿದು ಮನೆ ಹುಡುಕಿಕೊಂಡು ಬಂದ. ಇಷ್ಟೆಲ್ಲ ಆದರೂ ಆ ಮನುಷ್ಯ ಮಾತೇ ಆಡುವುದಿಲ್ಲ, ಮುಖ ಸಪ್ಪಗೆ ಮಾಡಿಕೊಂಡು ಛತ್ರಿ ಇಸಿದುಕೊಳ್ಳುತ್ತಾನೆ. ನಮ್ಮೂರಿನವರಿಗೆ ಅದು ಸೇರಲಿಲ್ಲ. ಹೊಡೆದಾಟವಿಲ್ಲ, ಹಾಡೂ ಕಡಿಮೆ. "ಎಂಥಾ ಮೂಕ ಪಿಕ್ಚರೋ ಮಾರಾಯಾ" ಎಂದು ಶೇಂಗಾ ತಿನ್ನುತ್ತ ಕೂತಿದ್ದರು.

ಆ ಪಿಕ್ಚರಿನಲ್ಲಿ ಜನ ಬಿದ್ದು ಬಿದ್ದು ನಕ್ಕದ್ದು ಒಂದೇ ಮಾತಿಗೆ. ಖೋಲಿಯ ಯಜಮಾನ್ತಿ ಒಬ್ಬಳು ಬಿಳಿ ಸೀರೆಯ ಹೆಂಗಸು. ಅವನು ದಿನಾ ಬೆಳಿಗ್ಗೆ ಮೆಟ್ಟಿಲಿಳಿದು ಹೊರಟಾಗ ಅವಳು ಬಾಗಿಲ ಮರೆಯಲ್ಲಿ ನಿಂತು ಬೆಂಗಳೂರಿನ ಮೆತ್ತನ್ನ ಮಾತಿನಲ್ಲಿ ಕೇಳುತ್ತಾಳೆ: "ತಿಂಡಿ ಆಯ್ತಾ?" ಅವನು ಹೌದೆಂಬಂತೆ ತಲೆ ಅಲ್ಲಾಡಿಸಿ ಹೋಗಿಬಿಡುತ್ತಾನೆ. ಈಗ ನಿಮಗೆ ಅದರಲ್ಲೇನೂ ಅನ್ನಿಸಲಿಕ್ಕಿಲ್ಲ. ಆಗ ನಮ್ಮ ಕಡೆ ಬೆಳಗಿನ ತಿನಿಸೆಂದರೆ ನಾಷ್ಟಾ. ತಿಂಡಿ ಅಂದರೆ ತುರಿಕೆ. ಮೈ ತಿಂಡಿ, ಕೈ ತಿಂಡಿ, ಯಾರನ್ನಾದರೂ ಕೆಣಕಿದರೆ "ಏನಲೇ, ತಿಂಡಿ ಎದ್ದೈತೇನು" ಎಂದು ಬೈಯುವ ಮಾತು. ಅಷ್ಟು ಮರ್ಯಾದೆಯ ಹೆಂಗಸು ಪರಗಂಡಸಿಗೆ ಬಾಗಿಲಲ್ಲಿ ನಿಂತು ತುರಿಕೆ ಆಯಿತೇ ಎಂದು ಕೇಳಿದ ಹಾಗಾಗಿ, ಡೇರೆಗೆ ಡೇರೆಯೇ ಹೊಟ್ಟೆ ಹಿಡಿದುಕೊಂಡಿತು. ಹಿಂದಿನವರು ಮುಂದಿನವರ ಬೆನ್ನು ತುರಿಸಿದರು. "ಆಗೇತಿ ಬಾರವ್ವ, ಇಲ್ಲೂ ಆಗೇತಿ" ಎಂದು ಕಾಕಾ ಕೂಗಿದ. ಕಟ್ಟಕಡೆಗೆ ಮಳೆ ಬರುತ್ತಿರುತ್ತದೆ, ಅವನು ಛತ್ರಿ ಹಿಡಿದು ಹೊರಟವನು ನಿಲ್ಲುತ್ತಾನೆ, ಅವಳು ಮತ್ತೆ ಅದನ್ನೇ ಕೇಳುತ್ತಾಳೆ, ಅವನು ಮೊದಲ ಸಲ ಬಾಯಿ ಬಿಟ್ಟು ಏನೋ ಅನ್ನುತ್ತಾನೆ. ಏನಂದ ಎಂಬುದು ನಗೆಯಲ್ಲಿ, ಸಿಳ್ಳೆಯಲ್ಲಿ ಮುಳುಗಿ ಹೋಯಿತು. ಎಲ್ಲರೂ ಎದ್ದು ನಿಂತದ್ದರಿಂದ ನನಗೆ ಪರದೆಯೂ ಕಾಣಲಿಲ್ಲ.

ಮರುದಿನ ಮಾಳಿಗೆಯ ಮೇಲೆ ಆ ಪಿಕ್ಚರ್ ಕೇಳಲು ಕೂತರೆ ಕೇಳಲು ಏನೂ ಇಲ್ಲ. ಮಾತಿಲ್ಲದವನ ಪಿಕ್ಚರ್. ಉದ್ದಕ್ಕೂ ಗಾಳಿಯ ಸಪ್ಪಳ, ನಡುವೆ ಒಂದು ಬಸ್ಸಿನ ಹಾರ್ನು. ಹೀಗಾಗಿ ಎಲ್ಲವನ್ನೂ ನಾನೇ ಹೇಳಬೇಕಾಯಿತು, ಅತ್ತಿ ಎಲ್ಲವನ್ನೂ ಮನಸ್ಸಿನಲ್ಲೇ ನೋಡಬೇಕಾಯಿತು. ಬೇರೆ ಪಿಕ್ಚರಿಗೆ ನಕ್ಕು ಮರೆಯುತ್ತಿದ್ದವಳು ಇದಕ್ಕೆ ದಿನಾ ಹತ್ತಿ ಬಂದಳು. "ಛತ್ರಿ ನಮ್ಮ ಅಪ್ಪನ ಛತ್ರಿ ಹಂಗ ಇರ್ಬೇಕಲ್ಲ, ಬಿದರಿನ ಹಿಡಿಕಿಂದು?" ಎಂದಳು. ಹೌದು ಅಂದೆ. ಯಜಮಾನ್ತಿ ತಿಂಡಿ ಎಂದಾಗಲೆಲ್ಲ ಅವಳ ಹೆಗಲೂ ಅಲುಗುತ್ತಿದ್ದವು. ಆದರೆ ಕಡೆಯ ಆ ಮಾತಿಗೆ ಅವಳು ಸೆರಗು ಬಾಯಿಂದ ತೆಗೆದು, ಕತ್ತು ಮುಂದೆ ಚಾಚಿ ಕಿವಿಗೊಡುತ್ತಿದ್ದಳು. ಕರ್ಣೆಯಲ್ಲಿ ಅವನು ಗಂಟಲು ಸರಿಮಾಡಿಕೊಂಡ ಸಪ್ಪಳದ ತನಕ ಕೇಳುತ್ತಿತ್ತು. ಅಷ್ಟರಲ್ಲಿ ಡೇರೆಯ ನಗೆ ಭೋರೆಂದು ಬರುತ್ತಿತ್ತು.

"ಏನಂದಬೇ ಅಂವ?"

"ಗೊತ್ತಾಗ್ಲಿಲ್ಲ ಅತ್ತಿ. ಮಂದಿ ಎದ್ದು ನಿಂತ್ರು."

"ಒಮ್ಮೆರ ಸುಮ್ಕ ಕುಂದರಬಾರದಾ ಇವರು" ಎಂದು ತನಗೆ ತಾನೇ ಅಂದುಕೊಂಡಳು.

ಅದನ್ನು ಅವಳು ಕಾಕಾನಿಗೂ ಕೇಳಿದಳು, ಕೆರೆಯಲ್ಲಿ ಸಿಕ್ಕ ಹೆಂಗಸರಿಗೂ ಕೇಳಿದಳು. ಒಬ್ಬರಿಗೂ ಗೊತ್ತಿಲ್ಲ. ಎಲ್ಲರಿಗೂ ತಿಂಡಿ ಮಾತ್ರ ನೆನಪಿತ್ತು. ಕೊನೆಗೆ ಒಂದು ದಿನ, ಯಾವತ್ತೂ ಏನೂ ಬೇಡದ ನಮ್ಮ ಅತ್ತಿ, ರೊಟ್ಟಿ ಬಡಿಯುತ್ತಿದ್ದ ಕೈ ನಿಲ್ಲಿಸದೆ, "ಬಸಣ್ಣ, ನನಗ ಆ ಪಿಕ್ಚರ್ ತೋರಸ್ತೀಯೇನು?" ಎಂದಳು. ಕಾಕಾನ ಕೈಯಲ್ಲಿದ್ದ ತುತ್ತು ಹಾಗೇ ನಿಂತಿತು. ಒಳಗಿನಿಂದ ಆಯಿ ಬಂದಳು.

"ಗಂಡ ಹೋದಾಕಿ ನಾಕ ಮಂದ್ಯಾಗ ಕುಂತು ಹಲ್ಲು ಕಿಸಿತಾಳೇನು?"

"ಆಕೀಗೆ ಹಲ್ಲು ಅದಾವ, ಕಿಸೀತಾಳ. ನಿನಗ ಅದಾವೇನಬೇ?" ಎಂದ ಕಾಕಾ.

ಬೋಳುಬಾಯಿಯ ಆಯಿಗೆ ಸಿಟ್ಟೂ ಬಂತು, ನಗೆಯೂ ಬಂತು. ಎರಡು ದಿನ ಜಗ್ಗಾಡಿದ ಮೇಲೆ ಒಪ್ಪಿದಳು, ಒಂದು ಕರಾರಿನ ಮೇಲೆ. ದೀಪ ಆರಿಸಿದ ಮೇಲೆ ಒಳಗೆ ಹೋಗಬೇಕು, ದೀಪ ಹಚ್ಚುವ ಮೊದಲು ಎದ್ದು ಬರಬೇಕು, ಯಾರ ಕಣ್ಣಿಗೂ ಬೀಳಬಾರದು. ಅತ್ತಿ ತಲೆ ತಗ್ಗಿಸಿ ಹೂಂ ಅಂದಳು. ಆಯಿ ಒಳಗೆ ಹೋದ ಮೇಲೆ ಮೆಲ್ಲಗೆ ನನಗೆ ಹೇಳಿದಳು: "ದೀಪ ಹಚ್ಚಿದ್ರ ಹಚ್ಚಲಿ. ಅಂವ ಏನಂದ ಅನ್ನೂದು ಕೇಳೇ ಏಳಾಕಿ ನಾನು."

ಅಂದು ಸಂಜೆ ಅವಳು ಪೆಟ್ಟಿಗೆಯಿಂದ ಇಳಕಲ್ಲಿನ ಕಂದುಬಣ್ಣದ ಸೀರೆ ತೆಗೆದುಟ್ಟಳು. ಮಡಿಕೆಯ ಗೆರೆಗಳು ಹಾಗೇ ಇದ್ದವು, ಬೇವಿನೆಲೆಯ ವಾಸನೆ ಬರುತ್ತಿತ್ತು. ಸೆರಗನ್ನು ಹಣೆಯ ತನಕ ಎಳೆದುಕೊಂಡು, ನನ್ನ ಕೈ ಹಿಡಿದು, ಕಾಕಾನ ಹಿಂದೆ ನಡೆದಳು. ಊರ ಅಗಸಿ ಬಾಗಿಲು ದಾಟಿದ ಮೇಲೆ "ಇವತ್ತ ಹಾಡು ಕೇಳ್ವಲ್ದಲ್ಲ" ಎಂದಳು. "ಗಾಳಿ ಆ ಕಡೆ ಐತಿ, ನಡಿ" ಎಂದ ಕಾಕಾ. ಕಣಕ್ಕೆ ಬಂದು ನೋಡಿದರೆ ಡೇರೆ ನೆಲಕ್ಕೆ ಇಳಿದಿತ್ತು. ತಾಡಪತ್ರಿ ಮಡಿಸಿ ಎರಡು ಚಕ್ಕಡಿಗೆ ಹೇರುತ್ತಿದ್ದರು. ಗಳ ಕಿತ್ತ ಕುಣಿಗಳು, ಮರಳು, ಶೇಂಗಾ ಸಿಪ್ಪೆ. ಕಾಕಾನನ್ನು ಕಂಡ ಟಾಕೀಸಿನ ಮನುಷ್ಯ, "ಓಡ್ಲಿಲ್ರಿ ಇದು. ಮಂದೀನ ಬರವಲ್ರು. ರೀಲಿನ ಪೆಟಗಿ ವಾಪಸ್ ಕಳಿಸಿ ಮುಂದಿನ ಊರಿಗೆ ಹೊಂಟೇವಿ" ಎಂದ.

ಆಗ ಅತ್ತಿ ಮಾಡಿದ್ದನ್ನು ನಾನು ಮರೆತಿಲ್ಲ. ಪರಗಂಡಸರ ಎದುರು ಎಂದೂ ದನಿ ತೆಗೆಯದವಳು ಸೆರಗು ಸರಿಸಿ ಎರಡು ಹೆಜ್ಜೆ ಮುಂದೆ ಬಂದಳು. "ಕಡೀಕ ಅಂವ ಏನಂತಾನ್ರಿ?"

"ಯಾರ್ರವ್ವ?"

"ಛತ್ರಿಯಾಂವ. ಆಕಿ ಕೇಳ್ತಾಳಲ್ರಿ, ಅದಕ್ಕ."

"ನಾ ಬಾಗಲದಾಗ ತಿಕೀಟು ಹರಿಯಾಂವ್ರವ್ವ. ಒಳಗಿಂದು ನನಗೇನು ಗೊತ್ತು" ಎಂದು ಅವನು ಹಗ್ಗ ಸುತ್ತುತ್ತ ಹೋದ.

ವಾಪಸು ಬರುವಾಗ ಅತ್ತಿಯೇ "ಇರ್ಲಿ ಬಿಡು. ಆತು ಅಂದಿರ್ಬೇಕು. ಮತ್ತೇನಂತಾನ" ಎಂದಳು. ಮರುದಿನ ಬೆಳಿಗ್ಗೆ ನನಗೆ ರೊಟ್ಟಿ ಕೊಡುವಾಗ, ಬೆಂಗಳೂರಿನವರ ಹಾಗೆ ತುಟಿ ಸಣ್ಣ ಮಾಡಿ, "ತಿಂಡಿ ಆಯ್ತಾ?" ಎಂದಳು. ನಾನು ಮೊಣಕೈ ತುರಿಸಿಕೊಂಡು ತೋರಿಸಿದೆ. ನನ್ನ ಮದುವೆಯಾಗಿ ಮಿಶ್ರಿಕೋಟಿಗೆ ಬರುವ ತನಕ ದಿನಾ ಬೆಳಿಗ್ಗೆ ಇದು ನಮ್ಮಿಬ್ಬರ ಆಟ. ಮುಂದೆ ಊರಿಗೆ ಟೀವಿ ಬಂದು ವಾರಕ್ಕೊಂದು ಪಿಕ್ಚರ್ ಹಾಕತೊಡಗಿದರು. ತವರಿಗೆ ಹೋದಾಗಲೆಲ್ಲ ಅತ್ತಿ, "ನಿಮ್ಮ ಊರಾಗ ಛತ್ರಿ ಪಿಕ್ಚರ್ ಹಾಕಿದ್ರೇನ?" ಎಂದು ಕೇಳುತ್ತಿದ್ದಳು. ಊರು ಊರನ್ನೇ ನಗಿಸಿದ ಆ ಸುಳ್ಳು ಗಂಡ ಎಷ್ಟೋ ಸಲ ಬಂದುಹೋದ. ಓಡದ ಪಿಕ್ಚರನ್ನು ಯಾರೂ ಹಾಕಲಿಲ್ಲ. ಅತ್ತಿ ಒಂದು ಬೇಸಿಗೆಯಲ್ಲಿ ತೀರಿಕೊಂಡಳು. ಮನೆ ಪಾಲಾಯಿತು, ಮಾಳಿಗೆ ಹೋಗಿ ಸಿಮೆಂಟಿನ ಟಾರಸಿ ಬಂತು.

ನಾನು ಹೇಳಿದ ಛತ್ರಿ, ಬಾವಿ, ಬಸ್ಸು, ಇಷ್ಟನ್ನೇ ಹಿಡಿದು ನೀವು ಅದನ್ನು ಮೊಬೈಲಿನಲ್ಲಿ ಹುಡುಕಿ ಕೊಟ್ಟಿರಿ. ಚಿತ್ರ ಮಾಸಿದೆ, ನೋಡಿದವರೂ ಕಡಿಮೆ ಎಂದು ನೀವೇ ಅಂದಿರಿ. ನೀವು ಮಲಗಿದ ಮಧ್ಯಾಹ್ನ ಒಬ್ಬಳೇ ಕೂತು ನೋಡಿದೆ. ಹಿಡಿಕೆ ಬಿದಿರಿನದಲ್ಲ, ಕಬ್ಬಿಣದ್ದು. ಆ ಯಜಮಾನ್ತಿಯ ಕೊರಳು, ಹಣೆ ಎರಡೂ ಬರಿದು ಎಂಬುದು ಅಂದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಕಡೆಯ ಮಳೆ ಬಂತು. ಅವಳು ಬಾಗಿಲ ಮರೆಯಿಂದ ಕೇಳಿದಳು. ಅವನು ಗಂಟಲು ಸರಿಮಾಡಿಕೊಂಡ. ಈಗ ನಗುವವರು ಯಾರೂ ಇರಲಿಲ್ಲ.

"ಇಲ್ಲ," ಎಂದ. "ನಿಮ್ಮದಾಯ್ತಾ?"

ಅಷ್ಟೇ. ಅದುವರೆಗೆ ಅವಳನ್ನು ಆ ಮಾತು ಯಾರೂ ಕೇಳಿರಲಿಲ್ಲ ಎಂಬುದು ಅವಳ ಮುಖದಲ್ಲೇ ಗೊತ್ತಾಗುತ್ತದೆ. ಹೊಸ್ತಿಲು ದಾಟಿ ಬಂದು ಅವನ ಛತ್ರಿಯ ಅಂಚಿನಲ್ಲಿ ನಿಲ್ಲುತ್ತಾಳೆ, ಚಿತ್ರ ಮುಗಿಯುತ್ತದೆ.

ನಾನು ಅದನ್ನು ಹಿಂದಕ್ಕೆ ಮಾಡಿ ಮತ್ತೊಮ್ಮೆ ಹಚ್ಚಿದೆ. ಈ ಸಲ ಮೊಬೈಲನ್ನು ಬೋರಲು ಹಾಕಿ, ಕಣ್ಣು ಮುಚ್ಚಿ, ಬರೀ ಕೇಳಿದೆ. ಮಳೆ, ಬಾಗಿಲು, ಅವಳ ದನಿ, ಅವನ ದನಿ. ನೋಡುವುದೇನೂ ಬೇಕಾಗಿರಲಿಲ್ಲ. ಮಾಳಿಗೆಯ ಮೇಲೆ ಕೂತವರಿಗೂ ಅಕ್ಷರ ಅಕ್ಷರ ತಿಳಿಯುವಷ್ಟು ಬಿಡಿಸಿ ಹೇಳಿದ್ದ.