ನಾಲ್ಕು ಮಾರು ನೀರು

ನಿನ್ನೆ ಹಳೆಯ ಪುಸ್ತಕದಂಗಡಿಯಲ್ಲಿ ನಕಾಶೆಯೊಂದನ್ನು ಬಿಚ್ಚಿದಾಗ ತೇವ ಹಿಡಿದ ಕಾಗದದ ವಾಸನೆ ಬಂತು. ನೀವಾದರೆ ಮೂಗು ಮುಚ್ಚಿಕೊಳ್ಳುತ್ತಿದ್ದಿರಿ. ನನಗೆ ಮುಖ ಮುಚ್ಚಿಕೊಳ್ಳುವಂತಾಯಿತು.

ಎರಡನೆಯ ಮಹಾಯುದ್ಧದ ವರ್ಷಗಳು ಅವು. ಧಾರವಾಡ ಬಿಟ್ಟು ಪುಣೆಯ ಕಾಲೇಜು ಸೇರಿದ್ದ ನಾನು ಸದಾಶಿವ ಪೇಠೆಯಲ್ಲಿ, ಕಾರವಾರದ ಶಾಂತಕ್ಕನ ಖಾನಾವಳಿಯಲ್ಲಿ ಉಣ್ಣುತ್ತಿದ್ದೆ. ಚರ್ಚಾಸ್ಪರ್ಧೆಯಲ್ಲಿ ಎರಡು ಬಹುಮಾನ ಬಂದಿದ್ದವು; ಹಾಗಾಗಿ ಸಾರಿಗೆ ಉಪ್ಪು ಹೆಚ್ಚಾಗಿದೆ ಎಂಬುದನ್ನೂ ಮೂರು ಕಾರಣ ಕೊಟ್ಟು ಸಾಧಿಸುತ್ತಿದ್ದೆ. ಶಾಂತಕ್ಕನ ಗಂಡ ನೌಕಾದಳದ ಸಣ್ಣ ಹಡಗಿನಲ್ಲಿದ್ದರು. ದಿನವೂ ಊಟದ ಹೊತ್ತಿಗೆ ಅವರಿಗೆಂದೇ ಗೋಡೆಯ ಪಕ್ಕ ಒಂದು ಮಣೆ ಬೀಳುತ್ತಿತ್ತು.

ಆ ಮಳೆಗಾಲದಲ್ಲಿ ಸಮುದ್ರಕ್ಕೆ ಬಿರುಗಾಳಿ ಬಡಿದು ಎಂಟು ದಿನವಾದರೂ ಹಡಗಿನ ಸುದ್ದಿಯಿರಲಿಲ್ಲ.

"ಬೈತಖೋಲಕ್ಕೆ ಹೊಕ್ಕಿರ್ತಾರೆ," ಎಂದರು ಶಾಂತಕ್ಕ. "ನಮ್ಮ ಕಾರವಾರದ ಬಂದರು ಅದು. ಮಳೆಗಾಲದ ಗಾಳಿಗೆ ಗುಡ್ಡವೇ ಅಡ್ಡ, ಎದುರಿಗೆ ದ್ವೀಪ. ಮೆಣಸಿನ ಹಡಗಿನ ಕಾಲದಿಂದ ಎಷ್ಟು ಜನ ಅಲ್ಲಿ ಜೀವ ಉಳಿಸ್ಕೊಂಡಿಲ್ಲ!"

ಪೆಟ್ಟಿಗೆಯಿಂದ ಗಂಡನ ನಕಾಶೆ ತಂದು ಹರಡಿದರು. ಕೊಲ್ಲಿಯ ತುಂಬ ನೀರಿನ ಆಳದ ಅಂಕಿಗಳು. ನಾನು ಸಮುದ್ರ ಕಂಡವನಲ್ಲ. ಅಂಕಿ ಕಂಡರೆ ಬಿಡುವವನೂ ಅಲ್ಲ.

"ಅಕ್ಕಾರ, ಇಲ್ಲಿ ನಾಕ ಅಂತ ಅದ. ನಾಕ ಅಡಿ ನೀರಾಗ ಹಡಗ ಹ್ಯಾಂಗ ನಿಲ್ತದ್ರಿ? ನಮ್ಮೂರ ಕೆರಿಯೊಳಗ ಎಮ್ಮಿ ಕೂಡ್ರೂದು ಇದಕ್ಕಿಂತ ಆಳದಾಗ!"

ಪಂಕ್ತಿಯಲ್ಲಿ ಯಾರೋ ನಕ್ಕರು. ಶಾಂತಕ್ಕ ಆ ಅಂಕಿಯ ಮೇಲೆ ಬೆರಳಿಟ್ಟರು. "ಓದಿದವನು ನೀನು," ಎಂದರು. ಎದ್ದು ಹೋಗಿ, ಗಂಡನಿಗೆಂದು ಹಾಕಿದ್ದ ಮಣೆಯನ್ನು ಎತ್ತಿ ಗೋಡೆಗೆ ಒರಗಿಸಿದರು.

ಗೆದ್ದಿದ್ದೆ. ನಕಾಶೆ ಸುತ್ತಲು ಹೋದಾಗ, ಅಷ್ಟು ಹೊತ್ತೂ ನನ್ನ ಮೊಣಕೈ ಕೆಳಗಿದ್ದ ಮೂಲೆ ಕಾಣಿಸಿತು. ಆಳದ ಲೆಕ್ಕ ಮಾರುಗಳಲ್ಲಿದೆ ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. ಮಾರಿಗೆ ಆರು ಅಡಿ. ನಾಲ್ಕು ಮಾರಿಗೆ ಇಪ್ಪತ್ನಾಲ್ಕು. ಸಣ್ಣ ಹಡಗಿಗೆ ಧಾರಾಳ ನೀರು.

ಒಲೆಯ ಹತ್ತಿರ ಹೋಗಿ ಹೇಳಿದೆ. ಬಹುಮಾನದ ನಾಲಿಗೆ ತೊದಲಿತು.

"ಆಗ ಮುಳುಗಿಸಿದೆ, ಈಗ ತೇಲಿಸ್ತೀಯಾ ತಮಾ?" ಶಾಂತಕ್ಕ ತಿರುಗಿ ನೋಡಲಿಲ್ಲ. ಮಣೆಯನ್ನೂ ಇಳಿಸಲಿಲ್ಲ.

ಮೂರು ದಿನ ಅಂಚೆಯವನ ದಾರಿ ಕಾದೆ. ನಾಲ್ಕನೆಯ ದಿನ ಶಾಂತಕ್ಕನ ಗಂಡನೇ ಬಂದರು, ಗಡ್ಡ ಬೆಳೆದು, ಕೈಗೆ ಪಟ್ಟಿ ಕಟ್ಟಿಕೊಂಡು. ಬೈತಖೋಲದಲ್ಲೇ ಲಂಗರು ಹಾಕಿದ್ದರಂತೆ. ಹಡಗು ಎಲ್ಲಿದೆ ಎಂದು ಬರೆಯಲು ಅಪ್ಪಣೆ ಇರಲಿಲ್ಲವಂತೆ. ಪಂಕ್ತಿಯವರು ಕತೆಯನ್ನು ಆಗಲೇ ಅವರ ಕಿವಿಗೆ ಮುಟ್ಟಿಸಿದ್ದರು.

"ನಮ್ಮ ಬಂದರಿನಲ್ಲಿ ಎಮ್ಮೆಯೂ ಮುಳುಗೂದಿಲ್ಲ ಅಂದವರು ಯಾರು?" ಎಂದು ಊಟದ ನಡುವೆ ಕೇಳಿದರು.

ನನ್ನ ತುತ್ತು ಕೈಯಲ್ಲೇ ಉಳಿಯಿತು.

"ಯಾರೋ ಹೊಸಬ. ಖಾನಾವಳಿ ಬಿಟ್ಟು ಹೋದ," ಎನ್ನುತ್ತ ಶಾಂತಕ್ಕ ನನ್ನೆಲೆಗೆ ಅನ್ನ ಬಡಿಸಿದರು.

ಈಗಲೂ ವಾದಿಸುತ್ತೇನೆ, ಗೆಲ್ಲುತ್ತೇನೆ ಕೂಡ. ಚಪ್ಪಾಳೆ ಬೀಳುವಾಗ ಮಾತ್ರ ಯಾರು ಸುಮ್ಮನಾದರು ಎಂದು ಕಣ್ಣು ಹುಡುಕುತ್ತದೆ.